ಮಾವನ ಕಾಲು ಮತ್ತು ಬೀಡಿ ಬ್ರಾಂಚು

ಬ್ಲಾಗಿಗೆ ಧೂಳು ಹಿಡಿದು ತಿಂಗಳುಗಳೇ ಆದವು. ರಿಲೀಸು, ಪ್ರೊಡಕ್ಷನ್ ಇಶ್ಯೂ, ಮತ್ತೆ ರಿಲೀಸು ಅಂತ ನೆಪ ಹೇಳಬಹುದು. ನಿಜ ಅದಲ್ಲ. ಈ ಆರೇಳು ತಿಂಗಳು ರಾತ್ರಿ ಹೊತ್ತು ಕೂತು ನಾನು ಓದಿದ್ದೆಲ್ಲ ಒಂದೇ ವಿಷಯ: ರಕ್ತ ಹೋಗದ ಕಾಲು.

ಬೆಳ್ತಂಗಡಿ ಕಡೆ ನನ್ನ ಮಾವ ಇದ್ದಾರೆ, ಅಮ್ಮನ ತಮ್ಮ. ವಯಸ್ಸು 41. ರಬ್ಬರ್ ಟ್ಯಾಪಿಂಗ್ ಕೆಲಸ. ಬೆಳಗ್ಗೆ ಐದಕ್ಕೇ ತಲೆಗೆ ಲೈಟು ಕಟ್ಟಿಕೊಂಡು ಗುಡ್ಡೆ ಹತ್ತುವವರು ಕಳೆದ ವರ್ಷ ಅರ್ಧ ದಾರಿಯಲ್ಲೇ ಕೂತುಕೊಳ್ಳಲು ಶುರು ಮಾಡಿದರು. ಪಾದದ ಅಡಿ ಹಿಡಿದ ಹಾಗೆ ಆಗ್ತದೆ, ಎರಡು ನಿಮಿಷ ಕೂತರೆ ಸರಿಯಾಗ್ತದೆ, ಮತ್ತೆ ನಡೆದರೆ ಮತ್ತೆ ಹಿಡೀತದೆ. "ವಾಯು" ಅಂದರು ಮನೆಯವರು. ಎಣ್ಣೆ ತಿಕ್ಕಿದರು. ಮಳೆಗಾಲದಲ್ಲಿ ಹೆಬ್ಬೆರಳ ಪಕ್ಕದಲ್ಲಿ ಒಂದು ಸಣ್ಣ ಹುಣ್ಣಾಯಿತು. ಕೆಸರಿನ ಹುಣ್ಣು ಅಂದುಕೊಂಡು ಅದಕ್ಕೆ ಮುಲಾಮು. ಒಂದು ಕ್ಲಿನಿಕ್ಕಿನಲ್ಲಿ ಶುಗರ್ ನೋಡಿದರು, ನಾರ್ಮಲ್. ಹಾಗಾದರೆ ಏನೂ ಇಲ್ಲ ಅಂತ ಕಳಿಸಿದರು. ರಾತ್ರಿ ನೋವಿಗೆ ಮಲಗಲಾಗದೆ ಮಾವ ಕುರ್ಚಿಯಲ್ಲಿ ಕೂತು ಕಾಲನ್ನು ಕೆಳಗೆ ಇಳಿಬಿಟ್ಟು ನಿದ್ದೆ ಮಾಡುತ್ತಿದ್ದರಂತೆ. ಇದನ್ನು ನಮಗೆ ಅವರು ಹೇಳಿಯೇ ಇರಲಿಲ್ಲ.

ಮೂಡುಬಿದಿರೆಗೆ ಮದುವೆಯಾಗಿ ಹೋದ ನನ್ನ ಅಕ್ಕನ ಮನೆಯಲ್ಲಿ ಒಂದು ಕಾರ್ಯಕ್ರಮ ಇತ್ತು. ಅಲ್ಲಿಗೆ ಬಂದ ಮಾವನ ಕಾಲು ನೋಡಿ ಭಾವ ಗಾಬರಿಯಾಗಿ ಅಲ್ಲೇ ಹತ್ತಿರದ ಒಬ್ಬ ವಯಸ್ಸಾದ ಡಾಕ್ಟರ ಹತ್ತಿರ ಕರೆದುಕೊಂಡು ಹೋದರು. ಆ ಡಾಕ್ಟರು ಮೆಷಿನ್ ಏನೂ ಹಿಡಿಯಲಿಲ್ಲ. ಪಾದದ ಮೇಲೆ ಎರಡು ಬೆರಳಿಟ್ಟು ನಾಡಿ ಹುಡುಕಿದರು, ಕಣಕಾಲಿನ ಒಳಗಡೆ ಹುಡುಕಿದರು, ಆಮೇಲೆ ಕೇಳಿದ್ದು ಒಂದೇ ಪ್ರಶ್ನೆ.

"ಬೀಡಿ ಎಷ್ಟು?"

"ಎರಡು ಕಟ್ಟು."

ಕಟ್ಟಿಗೆ 25. ಲೆಕ್ಕ ನೀವೇ ಹಾಕಿ.

ಮಂಗಳೂರಿನಲ್ಲಿ ಡಾಪ್ಲರ್, ಆಂಜಿಯೋಗ್ರಾಂ ಎಲ್ಲ ಆಯಿತು. ಕಾಯಿಲೆಯ ಹೆಸರು ಬರ್ಗರ್. "ಬರ್ಗರಾ? ಅದನ್ನು ಇವರು ಒಂದು ದಿನವೂ ತಿಂದವರಲ್ಲವಲ್ಲ ಮಾರಾಯ" ಅಂದರು ಅತ್ತೆ. ಆ ಹೊತ್ತಿಗೂ ನಗು ಬಂತು :) ಬರ್ಗರ್ ಅನ್ನುವುದು ಡಾಕ್ಟರ ಹೆಸರು. ಲಿಯೋ ಬರ್ಗರ್ ಎಂಬವರು 1908ರಲ್ಲಿ ನ್ಯೂಯಾರ್ಕಿನಲ್ಲಿ ಕತ್ತರಿಸಿ ತೆಗೆದ ಕಾಲುಗಳನ್ನು ಪರೀಕ್ಷೆ ಮಾಡಿ ಈ ರೋಗವನ್ನು ವಿವರಿಸಿದರು. ಅದಕ್ಕೂ ಮೊದಲು 1879ರಲ್ಲಿ ಆಸ್ಟ್ರಿಯಾದ ಫೆಲಿಕ್ಸ್ ಫಾನ್ ವಿನಿವಾರ್ಟರ್ ಇಂಥದ್ದೇ ಒಬ್ಬ ರೋಗಿಯ ಬಗ್ಗೆ ಬರೆದಿದ್ದರು. ಕೈಕಾಲಿನ ಸಣ್ಣ ಮತ್ತು ಮಧ್ಯಮ ಗಾತ್ರದ ರಕ್ತನಾಳಗಳು ಉರಿಯೂತ ಬಂದು, ಒಳಗೆ ರಕ್ತ ಹೆಪ್ಪುಗಟ್ಟಿ ಮುಚ್ಚಿಕೊಳ್ಳುತ್ತವೆ. ಬರುವುದು ಹೆಚ್ಚಾಗಿ 45 ದಾಟದ ಗಂಡಸರಿಗೆ, ಅದೂ ತಂಬಾಕು ಸೇದುವವರಿಗೆ. ನಮ್ಮ ದೇಶದಲ್ಲಿ ಅಂದರೆ ಮುಖ್ಯವಾಗಿ ಬೀಡಿ ಸೇದುವವರಿಗೆ.

ರಕ್ತದ ಹರಿವು ಕಡಿಮೆಯಾಗುವುದಕ್ಕೆ ಇಸ್ಕೀಮಿಯಾ ಅನ್ನುತ್ತಾರೆ. ಹೃದಯದಲ್ಲಾದರೆ ಹಾರ್ಟ್ ಅಟ್ಯಾಕ್, ಮೆದುಳಿನಲ್ಲಾದರೆ ಸ್ಟ್ರೋಕ್, ಕಾಲಿನಲ್ಲಾದರೆ ಗ್ಯಾಂಗ್ರೀನ್. ಅಡಿಕೆ ತೋಟ ಇದ್ದವರಿಗೆ ಸುಲಭವಾಗಿ ಅರ್ಥವಾಗ್ತದೆ. ಪೈಪಿನಲ್ಲಿ ಕಸ ಸಿಕ್ಕಿಕೊಂಡರೆ ಮೊದಲು ನೀರು ನಿಲ್ಲುವುದು ಕೊನೆಯ ಜೆಟ್ಟಿಗೆ. ಬೆರಳುಗಳು ಆ ಕೊನೆಯ ಜೆಟ್ಟು. ದೊಡ್ಡ ನಾಳ ಬ್ಲಾಕ್ ಆಗಿದ್ದರೆ ಬೈಪಾಸ್ ಮಾಡಬಹುದಿತ್ತು. ಮಾವನದ್ದು ಕೆಳಗಿನ ಸಣ್ಣ ನಾಳಗಳೇ ಹೋಗಿವೆ, ಬೈಪಾಸ್ ತಂದು ಜೋಡಿಸಲು ಜಾಗವೇ ಇಲ್ಲ ಅಂದರು ಡಾಕ್ಟರು.

ಇಲ್ಲಿಂದ ಕಥೆಗೆ ವಾಟ್ಸಾಪ್ ಪ್ರವೇಶ. "ಕಾಲು ಕತ್ತರಿಸಬೇಕಿಲ್ಲ, ಸ್ಟೆಮ್ ಸೆಲ್ ಇದೆ" ಅಂತ ಒಂದು ಕ್ಲಿನಿಕ್ಕಿನ ಜಾಹೀರಾತನ್ನು ಯಾರೋ ಫಾರ್ವರ್ಡ್ ಮಾಡಿದರು. ಫೋನ್ ಮಾಡಿದರೆ ನಾಲ್ಕು ಲಕ್ಷ ಅಂದರು. ಮಾವನ ಹತ್ತಿರ ಇರುವುದು ಅರ್ಧ ಎಕರೆ ಅಡಿಕೆ. ಅದನ್ನು ಅಡವಿಡುವ ಮಾತು ಶುರುವಾಯಿತು. "ನೀನು ಇಂಜಿನಿಯರ್ ಅಲ್ವಾ, ಒಮ್ಮೆ ನೋಡಿ ಹೇಳು" ಅಂದರು ಮಾವ. ನಾನು ಕಲಿತದ್ದು ಕಂಪ್ಯೂಟರ್ ಸೈನ್ಸ್. ಆದರೂ ನೋಡಿದೆ. ತೋಟದ ವಿಷಯ ನೋಡಿ.

ಓದುತ್ತಾ ಹೋದ ಹಾಗೆ ಆಶ್ಚರ್ಯವಾಯಿತು. ಈ ಕಾಯಿಲೆಗೆ ಸ್ಟೆಮ್ ಸೆಲ್ ಸಂಶೋಧನೆ ನಡೆದದ್ದು ಎಲ್ಲೋ ಅಮೆರಿಕದಲ್ಲಿ ಮಾತ್ರ ಅಲ್ಲ, ನಮ್ಮ ಪಕ್ಕದಲ್ಲೇ. ಮಣಿಪಾಲ ಬಳಗದ, ಬೆಂಗಳೂರಿನ ಸ್ಟೆಂಪ್ಯೂಟಿಕ್ಸ್ ಸಂಸ್ಥೆ ದಾನಿಗಳ ಅಸ್ಥಿಮಜ್ಜೆಯಿಂದ ಮೀಸೆಂಕೈಮಲ್ ಕೋಶಗಳನ್ನು ತೆಗೆದು, ಬೆಳೆಸಿ, ಹಲವು ದಾನಿಗಳ ಕೋಶಗಳನ್ನು ಒಟ್ಟು ಸೇರಿಸಿ 'ಸ್ಟೆಂಪ್ಯೂಸೆಲ್' ಎಂಬ ಔಷಧ ತಯಾರಿಸಿದೆ. ಅದನ್ನು ಮೀನಖಂಡಕ್ಕೆ ಚುಚ್ಚುತ್ತಾರೆ. ಈ ಕೋಶಗಳು ಸ್ರವಿಸುವ ಬೆಳವಣಿಗೆಯ ಅಂಶಗಳಿಂದ ಸಣ್ಣ ಸಣ್ಣ ಹೊಸ ರಕ್ತನಾಳಗಳು ಹುಟ್ಟಿ ಬ್ಲಾಕ್ ಆದ ಜಾಗವನ್ನು ಸುತ್ತಿ ಹೋಗಬೇಕು ಅನ್ನುವುದು ಯೋಚನೆ. 2016ರಲ್ಲಿ ಬರ್ಗರ್ ಕಾಯಿಲೆಯಿಂದ ಕಾಲು ಕಳೆದುಕೊಳ್ಳುವ ಹಂತದಲ್ಲಿರುವವರಿಗೆ ಷರತ್ತಿನ ಮೇಲೆ ಕೇಂದ್ರದ ಔಷಧ ನಿಯಂತ್ರಕರ ಅನುಮತಿ ಸಿಕ್ಕಿತು, 2020ರಲ್ಲಿ ಇನ್ನೂ ವಿಸ್ತಾರವಾದ ಅನುಮತಿ. (ನಮಗೆ ಬಂದ ಜಾಹೀರಾತಿಗೂ ಇದಕ್ಕೂ ಸಂಬಂಧ ಇಲ್ಲ. ಅವರು ಮಾಡುವುದು ಬೇರೆಯೇ ಏನೋ.)

ಮಾವನಿಗೆ ಫೋನ್ ಮಾಡಿ "ಉಂಟು, ಸಿಗ್ತದೆ" ಅಂತ ಹೇಳಿಯೇ ಬಿಡುತ್ತಿದ್ದೆ. ಆದರೆ ಕೆಲಸದ ಚಟ ಬಿಡಲಿಲ್ಲ. ನಮ್ಮ ಆಫೀಸಿನಲ್ಲಿ ಒಂದು ಬಟನ್ನಿನ ಬಣ್ಣ ಬದಲಾಯಿಸಬೇಕಾದರೂ ಅರ್ಧ ಜನರಿಗೆ ಹಳೆಯದು, ಅರ್ಧ ಜನರಿಗೆ ಹೊಸದು ತೋರಿಸಿ, ಯಾರಿಗೆ ಯಾವುದು ಅನ್ನುವುದನ್ನು ಲಾಟರಿಗೆ ಬಿಟ್ಟು, ಆಮೇಲೆ ಲೆಕ್ಕ ನೋಡುತ್ತೇವೆ. ಒಂದು ಬಟನ್ನಿಗೆ ಇಷ್ಟು ಮಾಡುವಾಗ ಒಂದು ಕಾಲಿಗೆ ಎಷ್ಟು ಮಾಡಿದ್ದಾರೆ ಅಂತ ನೋಡಬೇಡವಾ?

2013ರಲ್ಲಿ ಪ್ರಕಟವಾದ ಮೊದಲ ಪರೀಕ್ಷೆಯಲ್ಲಿ 20 ರೋಗಿಗಳಿದ್ದರು. ಚೀಟಿ ಎತ್ತಿದ ಹಾಗೆ ಹಂಚಿ, ಅರ್ಧ ಜನರಿಗೆ ಕೋಶ, ಉಳಿದವರಿಗೆ ಏನೂ ಇಲ್ಲದ ದ್ರವ. ಯಾರಿಗೆ ಯಾವುದೆಂದು ರೋಗಿಗೂ ಡಾಕ್ಟರಿಗೂ ಗೊತ್ತಿಲ್ಲ. ಅಚ್ಚುಕಟ್ಟಾದ ಪರೀಕ್ಷೆ, ಚಿಕ್ಕದು ಅಷ್ಟೆ. ಕೋಶ ಪಡೆದವರ ಕಣಕಾಲಿನ ರಕ್ತದೊತ್ತಡ ಏರಿತು. ಒಳ್ಳೆಯದು. ಆದರೆ ನನ್ನನ್ನು ನಿಲ್ಲಿಸಿದ್ದು ಇನ್ನೊಂದು ಸಾಲು: ಸುಮ್ಮನೆ ಕೂತಾಗಲೂ ಬರುವ ನೋವು ಎರಡೂ ಗುಂಪಿನಲ್ಲಿ ಕಡಿಮೆಯಾಗಿತ್ತು. ಏನೂ ಇಲ್ಲದ ದ್ರವ ಚುಚ್ಚಿಸಿಕೊಂಡವರಿಗೂ! ಅಂದರೆ "ನನಗೆ ನೋವು ಹೋಯಿತು" ಅಂತ ಕ್ಲಿನಿಕ್ಕಿನ ವೀಡಿಯೋದಲ್ಲಿ ಹೇಳುವವರು ಸುಳ್ಳು ಹೇಳುತ್ತಿಲ್ಲ. ನಿಜವನ್ನೇ ಹೇಳುತ್ತಿದ್ದಾರೆ. ಆ ನಿಜದಿಂದ ಔಷಧ ಕೆಲಸ ಮಾಡಿತು ಅಂತ ಆಗುವುದಿಲ್ಲ, ಅಷ್ಟೇ.

2017ರಲ್ಲಿ ಬಂದ ಎರಡನೆಯದರಲ್ಲಿ 90 ಜನ, ಎಲ್ಲರೂ ಬರ್ಗರ್ ರೋಗಿಗಳು. ಎರಡು ಪ್ರಮಾಣದ ಕೋಶಗಳು, ಒಂದು ಗುಂಪಿಗೆ ಮಾಮೂಲಿ ಚಿಕಿತ್ಸೆ. ಹೆಚ್ಚಿನ ಪ್ರಮಾಣ ಪಡೆದವರಲ್ಲಿ ನೋವು, ಹುಣ್ಣು ಎರಡೂ ಸುಧಾರಿಸಿದವು. ನಡೆಯಬಲ್ಲ ದೂರವೂ ಮಾಮೂಲಿ ಚಿಕಿತ್ಸೆಯ ಗುಂಪಿಗಿಂತ ಹೆಚ್ಚು ಸುಧಾರಿಸಿತು. ಮುಖ್ಯವಾಗಿ, ಈ ಸಲ ಲಾಟರಿ ಇರಲಿಲ್ಲ, ಯಾರಿಗೆ ಏನು ಕೊಡುತ್ತಿದ್ದೇವೆಂದು ಎಲ್ಲರಿಗೂ ಗೊತ್ತಿತ್ತು. ಅವರೇ ಅದನ್ನು ತಮ್ಮ ಲೇಖನದಲ್ಲಿ ಬಿಚ್ಚಿ ಬರೆದಿದ್ದಾರೆ, ಮುಚ್ಚಿಟ್ಟಿಲ್ಲ. ರೋಗಿಗಳು ಸಿಗುವುದೇ ಕಷ್ಟ ಇರುವ ಕಾಯಿಲೆಯಲ್ಲಿ ಇಷ್ಟು ಮಾಡಿದ್ದಕ್ಕೆ ನನಗೆ ಗೌರವವೇ ಇದೆ. ಆದರೂ ಸಣ್ಣ ಪರೀಕ್ಷೆಯ ಭರವಸೆ ದೊಡ್ಡ ಪರೀಕ್ಷೆಯಲ್ಲಿ ಉಳಿಯದೇ ಇರುವುದು ಈ ಕ್ಷೇತ್ರದಲ್ಲಿ ಮಾಮೂಲು. ನೆದರ್‌ಲ್ಯಾಂಡ್ಸಿನಲ್ಲಿ ಕಾಲಿನ ತೀವ್ರ ರಕ್ತಕೊರತೆ ಇದ್ದ 160 ಜನರ ಮೇಲೆ ಅಸ್ಥಿಮಜ್ಜೆಯ ಕೋಶಗಳ ಪರೀಕ್ಷೆ ಮಾಡಿ 2015ರಲ್ಲಿ ಫಲಿತಾಂಶ ಕೊಟ್ಟರು: ಕಾಲು ಕತ್ತರಿಸುವುದು ಕಡಿಮೆಯಾಗಲಿಲ್ಲ. ನಮ್ಮದೇ ದೇಶದ ಐದು ಆಸ್ಪತ್ರೆಗಳಲ್ಲಿ ಸ್ಟ್ರೋಕ್ ಆದ 120 ಜನರ ಮೇಲೆ ಇಂಥದ್ದೇ ಪರೀಕ್ಷೆ ಮಾಡಿದರು, 2014ರಲ್ಲಿ ಬಂದ ಉತ್ತರ: ಅಪಾಯ ಇಲ್ಲ, ಪ್ರಯೋಜನವೂ ಇಲ್ಲ.

ಐಸಿಎಂಆರ್‌ನ 2017ರ ಮಾರ್ಗಸೂಚಿ ನೇರವಾಗಿಯೇ ಹೇಳಿತ್ತು - ಕೆಲವು ರಕ್ತದ ಕಾಯಿಲೆಗಳಿಗೆ ಮಾಡುವ ಅಸ್ಥಿಮಜ್ಜೆ ಕಸಿಯಂಥದ್ದು ಬಿಟ್ಟು ಉಳಿದ ಸ್ಟೆಮ್ ಸೆಲ್ ಪ್ರಯೋಗಗಳು ಅನುಮತಿ ಪಡೆದ ಕ್ಲಿನಿಕಲ್ ಟ್ರಯಲ್‌ನೊಳಗೇ ನಡೆಯಬೇಕು ಅಂತ. ಟ್ರಯಲ್ ಆದರೆ ಅದು ಭಾರತದ ಕ್ಲಿನಿಕಲ್ ಟ್ರಯಲ್ ರಿಜಿಸ್ಟ್ರಿಯಲ್ಲಿ ಇರಬೇಕು. 2007ರಲ್ಲಿ ಶುರುವಾದ ವೆಬ್‌ಸೈಟು ಅದು, ಯಾರು ಬೇಕಾದರೂ ಪುಕ್ಕಟೆ ಹುಡುಕಬಹುದು. ನಾನು ಕ್ಲಿನಿಕ್ಕಿಗೆ ಫೋನ್ ಮಾಡಿ ರಿಜಿಸ್ಟ್ರಿ ನಂಬರ್ ಕೊಡಿ ಅಂದೆ. "ಸರ್, ನೀವು ಪೇಷೆಂಟನ್ನು ಕರೆದುಕೊಂಡು ಬನ್ನಿ, ಎಲ್ಲ ಎಕ್ಸ್‌ಪ್ಲೇನ್ ಮಾಡ್ತೇವೆ" ಅಂದರು. ಮೂರು ಸಲ ಕೇಳಿದೆ. ಮೂರು ಸಲವೂ ಅದೇ ಉತ್ತರ. ತೋಟ ಉಳಿಯಿತು.

ಈಗ ನಾನು ನಿಜವಾಗಿ ಹೇಳಬೇಕೆಂದಿದ್ದ ವಿಷಯಕ್ಕೆ ಬರುತ್ತೇನೆ.

ಬರ್ಗರ್ ಕಾಯಿಲೆಗೆ ಗೊತ್ತಿರುವ ಅತ್ಯುತ್ತಮ ಔಷಧ ಯಾವುದು ಅಂತ ಯಾವ ಪುಸ್ತಕ ತೆರೆದರೂ ಒಂದೇ ಉತ್ತರ. ತಂಬಾಕು ಬಿಡುವುದು, ಪೂರ್ತಿ ಬಿಡುವುದು. ಅಮೆರಿಕದ ಕ್ಲೀವ್‌ಲ್ಯಾಂಡ್ ಕ್ಲಿನಿಕ್‌ನವರು ರೋಗಿಗಳನ್ನು ವರ್ಷಗಟ್ಟಲೆ ಹಿಂಬಾಲಿಸಿ 1990ರಲ್ಲಿ ಬರೆದರು: ಬಿಟ್ಟವರಲ್ಲಿ 90ಕ್ಕೂ ಹೆಚ್ಚು ಶೇಕಡಾ ಜನರ ಬೆರಳು, ಕಾಲು ಉಳಿದವು, ಬಿಡದವರಲ್ಲಿ 40 ಶೇಕಡಾಕ್ಕಿಂತ ಹೆಚ್ಚು ಜನ ಏನಾದರೊಂದು ಕತ್ತರಿಸಿಕೊಂಡರು. ಯಾವ ಕೋಶ ಚಿಕಿತ್ಸೆಗೂ ಈ ಲೆಕ್ಕ ಇಲ್ಲ. ಆದರೆ "ಬೀಡಿ ಬಿಡಿ" ಅನ್ನುವುದು ಔಷಧದ ಹೆಸರು ಮಾತ್ರ, ಔಷಧ ಅಲ್ಲ. ಬಿಡಿಸುವುದು ಹೇಗೆ? ಅದೂ ಬೀಡಿಯನ್ನು ಮನೆಯಲ್ಲೇ ಕಟ್ಟುವ ಊರಿನಲ್ಲಿ?

ನಮ್ಮ ಕಡೆಯವರಲ್ಲದ ಓದುಗರಿಗೆ ಸ್ವಲ್ಪ ಹೇಳಬೇಕು. ಬಂಟ್ವಾಳ, ಬೆಳ್ತಂಗಡಿ, ಮೂಡುಬಿದಿರೆ ಸುತ್ತಮುತ್ತ ಹೆಂಗಸರು ಮನೆಯ ಜಗಲಿಯಲ್ಲಿ ಕೂತು ಬೀಡಿ ಕಟ್ಟುತ್ತಾರೆ. ಬ್ರಾಂಚಿನಿಂದ ಎಲೆ, ಹೊಗೆಸೊಪ್ಪು, ನೂಲು ತರುವುದು, ಎಲೆ ನೆನೆಸಿ ಕತ್ತರಿಸುವುದು, ಕಟ್ಟಿ ವಾಪಸ್ ಕೊಡುವುದು, ಸಾವಿರಕ್ಕೆ ಇಷ್ಟು ಅಂತ ಮಜೂರಿ. ಬಂಟ್ವಾಳದ ನಮ್ಮ ಮನೆಯಲ್ಲಿ ಅಮ್ಮ ಟೀವಿ ನೋಡುತ್ತಾ ಕೈ ನೋಡದೇ ಕಟ್ಟುತ್ತಿದ್ದರು. ನನ್ನ ಸ್ಕೂಲ್ ಫೀಸು, ಬೀಡಿ ಕಾರ್ಮಿಕರ ಮಕ್ಕಳಿಗೆ ಕೇಂದ್ರ ಸರಕಾರ ಕೊಡುವ ಸ್ಕಾಲರ್‌ಶಿಪ್ಪು, ಇಂಜಿನಿಯರಿಂಗ್ ಸೇರುವಾಗ ಮೊದಲ ಕಂತು - ಎಲ್ಲ ಅದೇ ದುಡ್ಡು. ಆದ್ದರಿಂದ ಬೀಡಿ ಕಟ್ಟುವುದನ್ನು ನಿಲ್ಲಿಸಿ ಅಂತ ಇಲ್ಲಿ ಭಾಷಣ ಮಾಡಲು ನನಗೆ ಬಾಯಿ ಇಲ್ಲ.

ಮಾವ ಸೇದುವ ಬೀಡಿಯನ್ನು ಅಂಗಡಿಯಿಂದ ತರುತ್ತಿರಲಿಲ್ಲ. ಬ್ರಾಂಚಿನಲ್ಲಿ ಚೆಕ್ಕಿಂಗ್ ಮಾಡುವಾಗ ಗಾತ್ರ ಸರಿಯಿಲ್ಲ, ಬಾಯಿ ಸರಿ ಮುಚ್ಚಿಲ್ಲ ಅಂತ ರಿಜೆಕ್ಟ್ ಆದದ್ದು ಅತ್ತೆಯ ಚೀಲದಲ್ಲಿ ವಾಪಸ್ ಮನೆಗೆ ಬರುತ್ತಿತ್ತು. ಅದೇ ಮಾವನ ಪಾಲು. ಅಂಗಡಿಯವನು ಬೆಲೆ ಏರಿಸಲಿ, ಪ್ಯಾಕೆಟ್ಟಿನ ಮೇಲೆ ಎಂಥ ಭಯಂಕರ ಚಿತ್ರ ಹಾಕಲಿ, ಮಾವನಿಗೆ ಯಾವುದೂ ತಾಗುವುದಿಲ್ಲ. ಪ್ಯಾಕೆಟ್ಟೇ ಇಲ್ಲವಲ್ಲ! ತೆರಿಗೆ ಹಾಕುವವರು, ಚಿತ್ರ ಬಿಡಿಸುವವರು ಯಾರೂ ಈ ಬೀಡಿಯನ್ನು ಯೋಚಿಸಿದ ಹಾಗಿಲ್ಲ. (ತೆರಿಗೆಯ ಮಾತು ಬಂತು ಅಂತ ಹೇಳುತ್ತೇನೆ, 2025ರ ಸೆಪ್ಟೆಂಬರಿನಲ್ಲಿ ಜಿಎಸ್‌ಟಿ ಮಂಡಳಿ ಬೀಡಿಯ ತೆರಿಗೆಯನ್ನು 28 ಶೇಕಡಾದಿಂದ 18ಕ್ಕೆ ಇಳಿಸಲು ತೀರ್ಮಾನಿಸಿತು. ಅಮ್ಮನಿಗೆ ಖುಷಿ. ನನಗೆ ಅರ್ಧ ಖುಷಿ.)

ನನ್ನ ಪ್ರಕಾರ ಮುಂದಿನ ಕ್ಲಿನಿಕಲ್ ಟ್ರಯಲ್ ನಡೆಯಬೇಕಾದದ್ದು ಬೀಡಿ ಬ್ರಾಂಚಿನಲ್ಲಿ.

ನಗಬೇಡಿ, ಯೋಚನೆ ಮಾಡಿ. ಬ್ರಾಂಚಿನಲ್ಲಿ ಪ್ರತಿಯೊಬ್ಬ ಕಾರ್ಮಿಕರ ಹೆಸರು ಪುಸ್ತಕದಲ್ಲಿದೆ. ವಾರದಲ್ಲಿ ಕೆಲವು ಸಲ ಅವರು ಅಲ್ಲಿಗೆ ಬಂದೇ ಬರುತ್ತಾರೆ. ಸಂಶೋಧನೆ ಮಾಡುವವರಿಗೆ ಅತಿ ಕಷ್ಟದ ಕೆಲಸ ಅಂದರೆ ಜನರನ್ನು ವರ್ಷಗಟ್ಟಲೆ ಕೈತಪ್ಪದ ಹಾಗೆ ಹಿಂಬಾಲಿಸುವುದು. ಇಲ್ಲಿ ಅದು ತಯಾರಾಗಿಯೇ ಇದೆ. ಮೂರು ತಾಲೂಕಿನ ಬ್ರಾಂಚುಗಳ ಪಟ್ಟಿ ಮಾಡಿ, ಚೀಟಿ ಎತ್ತಿ ಅರ್ಧಕ್ಕೆ ಈಗ, ಉಳಿದರ್ಧಕ್ಕೆ ಎರಡು ವರ್ಷದ ನಂತರ ಅಂತ ಹಂಚಿ. ಈಗ ಕೊಡುವ ಕಡೆ ತಿಂಗಳಿಗೊಂದು ದಿನ ಒಬ್ಬ ನರ್ಸು ಕೂರಲಿ. ಮನೆಯ ಗಂಡಸರನ್ನೂ ಕರೆಸಿ ಪಾದದ ನಾಡಿ ನೋಡಲಿ, ಕೈಯ ಮತ್ತು ಕಣಕಾಲಿನ ಬಿಪಿ ಹೋಲಿಸಲಿ. ಕಾಲಿನದ್ದು ಕೈಯದ್ದರ 0.9ಕ್ಕಿಂತ ಕಡಿಮೆ ಇದ್ದರೆ ಎಚ್ಚರಿಕೆ, ಅಷ್ಟು ಸರಳ. ಬೀಡಿ ಬಿಡಲು ಔಷಧ, ಮಾತು ಎರಡೂ ಕೊಡಲಿ. ರಿಜೆಕ್ಟ್ ಆದ ಬೀಡಿಗೆ ಚಿಲ್ಲರೆ ಬೆಲೆ ಕೊಟ್ಟು ಅಲ್ಲೇ ತೆಗೆದುಕೊಂಡು ನಾಶ ಮಾಡಲಿ. ಎರಡು ವರ್ಷ ಬಿಟ್ಟು ಎಷ್ಟು ಜನ ಬಿಟ್ಟರು, ಎಷ್ಟು ಹುಣ್ಣು ಬೇಗ ಸಿಕ್ಕಿತು, ಲೆಕ್ಕ ಹಾಕಲಿ. ಪ್ರಯೋಜನ ಇಲ್ಲ ಅಂತ ಬಂದರೆ ಅದನ್ನೂ ಬರೆಯಲಿ.

ಬರ್ಗರ್ ಅಪರೂಪದ ಕಾಯಿಲೆ, ಅದಕ್ಕಾಗಿ ಇಷ್ಟೆಲ್ಲ ಯಾಕೆ ಅಂತ ಕೇಳಬಹುದು. ಸರಿ, ಬರ್ಗರ್ ಅಪರೂಪ. ಹಾರ್ಟ್ ಅಟ್ಯಾಕ್ ಅಪರೂಪ ಅಲ್ಲವಲ್ಲ. ಬೆಂಗಳೂರಿನಲ್ಲಿ ಮೊದಲ ಹೃದಯಾಘಾತವಾದ 200 ಜನರನ್ನು ಆರೋಗ್ಯವಂತ 200 ಜನರ ಜೊತೆ ಹೋಲಿಸಿ 1996ರಲ್ಲಿ ಸೇಂಟ್ ಜಾನ್ಸ್‌ನ ಪ್ರೇಮ್ ಪೈಸ್ ಮತ್ತು ಸಂಗಡಿಗರು ಬರೆದರು: ಎಲ್ಲಕ್ಕಿಂತ ದೊಡ್ಡ ಕಾರಣ ಸಿಗರೇಟು ಅಥವಾ ಬೀಡಿ. ಐವತ್ತೆರಡು ದೇಶಗಳ ಇಂಟರ್‌ಹಾರ್ಟ್ ಅಧ್ಯಯನದ 2006ರ ಲೇಖನದಲ್ಲಿ ಬೀಡಿ ಮಾತ್ರ ಸೇದುವವರಿಗೆ ಹೃದಯಾಘಾತದ ಸಂಭವ 2.89 ಪಟ್ಟು ಅಂತ ಬಂತು. "ಬೀಡಿ ಎಲೆಯದ್ದು, ಸಿಗರೇಟಿನಷ್ಟು ಹಾಳಲ್ಲ" ಅನ್ನುವ ನಮ್ಮೂರ ಮಾತಿಗೆ ಅಲ್ಲಿಗೆ ಉತ್ತರ ಆಯಿತು. ಒಂದೇ ನರ್ಸು, ಒಂದೇ ಕುರ್ಚಿ, ಮೂರು ಅಂಗಕ್ಕೂ ಲಾಭ.

ಇಂಥದ್ದು ಮಾಡಲಿಕ್ಕೆ ಆಗುವುದಿಲ್ಲವಾ? ಆಗ್ತದೆ. ದೆಹಲಿಯ 32 ಕೊಳೆಗೇರಿ ಪ್ರದೇಶಗಳಲ್ಲಿ ಹೀಗೆಯೇ ಲಾಟರಿ ಹಾಕಿ, ಮನೆಮನೆಗೆ ಒಂದೇ ಸಲ ಹೋಗಿ ಬುದ್ಧಿಮಾತು ಮತ್ತು ಉಸಿರಾಟದ ಅಭ್ಯಾಸ ಹೇಳಿಕೊಟ್ಟರು. 2017ರಲ್ಲಿ ಫಲಿತಾಂಶ ಬಂತು: ಆರು ತಿಂಗಳ ಮೇಲೆ ಬಿಟ್ಟಿದ್ದವರು 2.6 ಶೇಕಡಾ, ಹೋಲಿಕೆಯ ಗುಂಪಿನಲ್ಲಿ 0.5. ಅಷ್ಟೇನಾ ಅನ್ನಿಸ್ತದೆ. ನನಗೂ ಅನ್ನಿಸಿತ್ತು. ಆದರೆ ಒಂದೇ ಭೇಟಿಗೆ ನೂರರಲ್ಲಿ ಇಬ್ಬರು ಹೆಚ್ಚು ಬಿಡುವುದಾದರೆ, ತಿಂಗಳು ತಿಂಗಳು ಕೂತರೆ ಎಷ್ಟು? ಗೊತ್ತಿಲ್ಲ. ಟ್ರಯಲ್ ಮಾಡುವುದು ಗೊತ್ತಿಲ್ಲದ್ದಕ್ಕೇ ಅಲ್ವಾ?

"ಬಡವರ ಮೇಲೆ ಪ್ರಯೋಗ" ಅಂತ ಒಬ್ಬ ಗೆಳೆಯ ಗುರ್ ಅಂದ. ಹೆದರಿಕೆ ಸುಳ್ಳಲ್ಲ. ಹೊಸ ಔಷಧದ ಟ್ರಯಲ್‌ಗಳಿಗೆ 2019ರ ನಿಯಮಗಳಲ್ಲಿ ಎಥಿಕ್ಸ್ ಕಮಿಟಿ, ತೊಂದರೆಯಾದರೆ ಉಚಿತ ಚಿಕಿತ್ಸೆ, ಪರಿಹಾರ ಎಲ್ಲ ಬರೆದಿದೆ. ನನ್ನ ತಕರಾರು ಕಾಗದದ ಬಗ್ಗೆ. ನಮ್ಮ ಮನೆಗಳಲ್ಲಿ ಮಾತು ತುಳು, ಬ್ಯಾರಿ, ಕೊಂಕಣಿ. ಓದುವುದು ಕನ್ನಡ, ಅದೂ ನಿಧಾನಕ್ಕೆ. ಒಪ್ಪಿಗೆ ಪತ್ರ ಹತ್ತು ಪುಟದ ಅನುವಾದಿತ ಕನ್ನಡದಲ್ಲಿದ್ದರೆ ಅತ್ತೆ ಹೆಬ್ಬೆಟ್ಟು ಒತ್ತುವ ಜಾಗ ಮಾತ್ರ ನೋಡುತ್ತಾರೆ. ತುಳುವಿನಲ್ಲಿ ಕೂತು ಓದಿ ಹೇಳುವವರು ಬೇಕು. ಹಾಗೆಯೇ, ಇದಕ್ಕೆ ಬೀಡಿ ಕಂಪೆನಿಗಳ ದುಡ್ಡು ಬೇಡ, ಜಾಗ ಮತ್ತು ಪುಸ್ತಕ ಮಾತ್ರ ಸಾಕು ಅಂತ ನನ್ನ ಅಭಿಪ್ರಾಯ. ನೀವು ಒಪ್ಪದೇ ಇರಬಹುದು. ಡಾಕ್ಟರುಗಳು ಯಾರಾದರೂ ಇದನ್ನು ಓದುತ್ತಿದ್ದರೆ ನನ್ನ ಲೆಕ್ಕದಲ್ಲಿ ತಪ್ಪಿದ್ದರೆ ಬೈಯಿರಿ, ಬೇಜಾರಿಲ್ಲ.

ಮಾವನ ಎರಡು ಬೆರಳು ಹೋಯಿತು. ಪಾದ ಉಳಿದಿದೆ, ಹುಣ್ಣು ಒಣಗುತ್ತಾ ಬಂದಿದೆ. ನಿಕೋಟಿನ್ ಪಟ್ಟಿ ಹಾಕಿಸೋಣ ಅಂತ ನಾನು ಹೊರಟಿದ್ದೆ, ಡಾಕ್ಟರು ಬೇಡ ಅಂದರು. ಬರ್ಗರ್‌ನಲ್ಲಿ ನಿಕೋಟಿನ್ ಯಾವ ದಾರಿಯಲ್ಲಿ ಬಂದರೂ ಕಾಯಿಲೆ ಮುಂದುವರಿಯಬಹುದಂತೆ. ಬೇರೆ ಮಾತ್ರೆ ಕೊಟ್ಟರು. 1800-11-2356 ಅನ್ನುವ ಉಚಿತ ನಂಬರಿಗೆ ಮಾವ ಮೂರು ಸಲ ಫೋನ್ ಮಾಡಿದ್ದಾರೆ, ಬೆಂಗಳೂರಿನ ನಿಮ್ಹಾನ್ಸ್‌ನಿಂದ ಕನ್ನಡದಲ್ಲಿ ಮಾತಾಡುತ್ತಾರೆ. ಐದು ತಿಂಗಳಲ್ಲಿ ಎರಡು ಸಲ ಜಾರಿದ್ದಾರೆ, ಎರಡೂ ಸಲ ತಾವೇ ಫೋನ್ ಮಾಡಿ ಹೇಳಿದರು.

ಅತ್ತೆ ಈಗಲೂ ಕಟ್ಟುತ್ತಾರೆ. ತಡ್ಪೆಯನ್ನು ಜಗಲಿಯಿಂದ ಎತ್ತಿ ಹಿಂದಿನ ಕೊಟ್ಟಿಗೆಯ ಪಕ್ಕಕ್ಕೆ ಸಾಗಿಸಿದ್ದಾರೆ. ಮೊನ್ನೆ ಊರಿಗೆ ಹೋದಾಗ ನೋಡಿದೆ, ಬ್ರಾಂಚಿನಿಂದ ಬಂದವರು ಅಂಗಳಕ್ಕೆ ಕಾಲಿಡುವ ಮೊದಲೇ ರಿಜೆಕ್ಟ್ ಬೀಡಿಗಳನ್ನು ಎಣಿಸಿ, ಬಚ್ಚಲಿನ ಒಲೆಗೆ ಹಾಕಿ, ಆಮೇಲೆ ಒಳಗೆ ಬಂದರು.